ಎರವಿ ಎಂದು ಹೆಸರಿಟ್ಟವಳು

"ಗುಂಡಿ ಇರ್ಲಿಲ್ಲ ಅಂತ ಖಾತ್ರಿಯಾಗಿ ಹೇಳ್ತೀಯಾ?"

ಬೀಗದವನು ತಲೆ ಎತ್ತಲಿಲ್ಲ. ಯಂತ್ರದ ಒಂದು ಬದಿಗೆ ಹಳೆಯ ಕೀಲಿ, ಇನ್ನೊಂದು ಬದಿಗೆ ಇನ್ನೂ ಹಲ್ಲು ಕೊರೆಯದ ಹೊಸ ಕೀಲಿ ಸಿಕ್ಕಿಸಿ ಹಿಡಿ ತಿರುಗಿಸುತ್ತಿದ್ದ. ಹಿತ್ತಾಳೆಯ ಪುಡಿ ಅವನ ಮುಂಗೈ ಕೂದಲ ಮೇಲೆ ಹೊಂಬಣ್ಣದ ಧೂಳಾಗಿ ಕೂತಿತ್ತು.

"ಇರ್ಲಿಲ್ಲ ಮೇಡಂ. ಮೇಲಿಂದ ಎರಡನೇದು. ಗುಂಡಿ ಕಿತ್ತುಹೋಗಿ ದಾರ ಮಾತ್ರ ನೇತಾಡ್ತಿತ್ತು. ಮಾತಾಡ್ತಾ ಆ ದಾರಾನೇ ಬೆರಳಿಗೆ ಸುತ್ಕೋತಾ ಇದ್ಲು."

"ಯಾವ ಹೊತ್ತಲ್ಲಿ?"

"ಮಧ್ಯಾಹ್ನ, ಊಟಕ್ಕೆ ಬಂದಾಗ. ನೀವು ಕೂತಿರೋ ಸ್ಟೂಲ್ ಮೇಲೇ ಕೂತಿದ್ಲು."

ಇನ್‌ಸ್ಪೆಕ್ಟರಮ್ಮ ತೊಡೆಯ ಮೇಲಿದ್ದ ಕಾಗದದ ಚೀಲದಿಂದ ಕಂದು ಬಣ್ಣದ ಕೋಟನ್ನು ಅರ್ಧ ಹೊರಗೆಳೆದರು. ನೀರಲ್ಲಿ ನೆನೆದು ಒಣಗಿದ ಬಟ್ಟೆ ರಟ್ಟಿನಂತೆ ಬಿರುಸಾಗಿತ್ತು. ಮೇಲಿನಿಂದ ಎರಡನೆಯ ಗುಂಡಿ ಇತ್ತು. ಉಳಿದವಕ್ಕಿಂತ ಗಟ್ಟಿಯಾಗಿಯೇ ಇತ್ತು. ಹೊಲಿದದ್ದು ದಪ್ಪನೆಯ ಕಡುಹಸಿರು ದಾರದಲ್ಲಿ.

ಆ ಕೋಟು ತೊಟ್ಟಿದ್ದವಳು ಎರವಿ, ಬೀಗದವನ ಹೆಂಡತಿ. ಅವಳ ಹೆಣ ಕಾಲುವೆಯಲ್ಲಿ ಸಿಕ್ಕಿ ಎರಡು ವಾರದ ಮೇಲಾಗಿತ್ತು. ಕಾಲು ಜಾರಿ ಬಿದ್ದಿದ್ದಾಳೆ ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ಇನ್‌ಸ್ಪೆಕ್ಟರಮ್ಮ ಪೊಲೀಸ್ ಕೆಲಸ ಬಿಟ್ಟು ವರ್ಷಗಳೇ ಕಳೆದಿದ್ದರೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಆ ಹೆಸರನ್ನೇ ನಂಬಿ ಬೀಗದವನು ಅವರ ಮನೆ ಬಾಗಿಲಿಗೆ ಬಂದಿದ್ದ.

"ಅವತ್ತು ಏನು ಕೇಳಿದ್ಲು, ಇನ್ನೊಂದ್ಸಲ ಹೇಳು."

"ನನ್ನ ಹೆಸರಿಗೆ ಏನರ್ಥ ಗೊತ್ತಾ ನಿಂಗೆ, ಅಂದ್ಲು."

"ನೀನೇನಂದೆ?"

"ಹೆಸರೇನು ಬೀಗಾನಾ ಬಿಚ್ಚಿ ನೋಡೋಕೆ, ಅಂದೆ." ಹಿಡಿ ತಿರುಗುತ್ತಲೇ ಇತ್ತು. "ನಗ್ತಾಳೆ ಅಂದ್ಕೊಂಡಿದ್ದೆ. ನಗ್ಲಿಲ್ಲ. ಊಟದ ಡಬ್ಬಿ ಮುಚ್ಚಿ ಎದ್ದು ಹೋದ್ಲು."

ಗಿರಾಕಿಗೆ ಕೀಲಿಯ ರೇಟು ಹೇಳುವ ದನಿಯಲ್ಲೇ ಅವನು ಇದನ್ನೂ ಹೇಳಿದ. ಕೊರೆದು ಮುಗಿದ ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಯೊಂದಕ್ಕೆ ಹಾಕಿದ. ಡಬ್ಬಿಯಲ್ಲಿ ಅಂಥವೇ ಕೀಲಿಗಳ ರಾಶಿ ಇತ್ತು.

"ಯಾರದ್ದು ಇವೆಲ್ಲ?"

"ನಮ್ಮನೇದೇ. ಕೈ ಸುಮ್ನೆ ಕೂರಲ್ಲ ಅನ್ನುತ್ತೆ." ಇನ್ನೊಂದು ಹೊಸ ಕೀಲಿ ತೆಗೆದು ಯಂತ್ರಕ್ಕೆ ಸಿಕ್ಕಿಸಿದ. "ಅಳು ಬರ್ತಿಲ್ಲ ಮೇಡಂ. ಬರುತ್ತೆ ಬರುತ್ತೆ ಅಂತ ಎಲ್ರೂ ಹೇಳ್ತಾರೆ. ಬಸ್ಸಿಗೆ ಕಾದ ಹಾಗೆ ಕಾಯ್ತಾ ಇದೀನಿ."

ಇನ್‌ಸ್ಪೆಕ್ಟರಮ್ಮ ತಾವು ವಿಚಾರಿಸಿದ್ದನ್ನೆಲ್ಲ ಒಮ್ಮೆ ಸಾಲಾಗಿ ನೆನೆದರು. ಎರವಿ ಸಾಯುವ ದಿನ ಬೆಳಿಗ್ಗೆ ಅವಳು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಗೆ ಒಂದು ಫೋನು ಬಂದಿತ್ತು. ಯಾರೋ ಹೆಂಗಸಿನ ದನಿ ಎಂದಷ್ಟೇ ಅಂಗಡಿಯ ಮಾಲೀಕನಿಗೆ ಗೊತ್ತು. ಆ ಫೋನು ಇಟ್ಟಮೇಲೆ ಅವಳು ಎರಡು ಗಾಜುಗಳನ್ನು ತಪ್ಪು ಅಳತೆಗೆ ಉಜ್ಜಿ ಹಾಳು ಮಾಡಿದಳಂತೆ. ಮಧ್ಯಾಹ್ನ ಗಂಡನ ಹತ್ತಿರ ಬಂದು ತನ್ನ ಹೆಸರಿನ ಅರ್ಥ ಕೇಳಿದಳು. ಮರುದಿನ ಬೆಳಿಗ್ಗೆ ಕಾಲುವೆಯಲ್ಲಿದ್ದಳು.

"ಅರ್ಥ ನಿಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಅತ್ತೆ ಒಂದು ಕತೆ ಹೇಳೋರು. ಗಂಡು ಹುಟ್ಟಿದ್ರೆ ರವಿ ಅಂತ ಇಡಬೇಕು ಅಂತಿದ್ರಂತೆ. ಹೆಣ್ಣಾಯ್ತು. ಮುಂದೆ ಒಂದು 'ಎ' ಸೇರಿಸಿಬಿಟ್ರಂತೆ." ಅವನ ಬಾಯಿಯ ಒಂದು ಕೊನೆ ಅಲುಗಿತು. "ಕರೆಂಟ್ ಬಿಲ್ಲು ಅವಳ ಹೆಸರಲ್ಲಿತ್ತು. ಶ್ರೀ ಎ. ರವಿ ಅಂತ ಬರೋದು. ಬಿಲ್ಲಿನವನು ಬಂದು ನಿಮ್ಮ ಯಜಮಾನ್ರು ಇದಾರಾ ಅಂತ ಅವಳನ್ನೇ ಕೇಳೋನು. ಮನೇಲಿಲ್ಲ, ಪೇಟೆಗೆ ಹೋಗಿದಾರೆ ಅಂತ ಹೇಳಿ ಕಳಿಸೋಳು."

ಆ ಹೆಸರಿನ ಇನ್ನೊಬ್ಬಳನ್ನು ಇನ್‌ಸ್ಪೆಕ್ಟರಮ್ಮ ಊರೆಲ್ಲ ವಿಚಾರಿಸಿದ್ದರು. ಒಬ್ಬಳೂ ಇರಲಿಲ್ಲ. ಕೇಳಿದವರೆಲ್ಲ "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಗೂಡಂಗಡಿಯಲ್ಲಿ ಕೊಡೆ ರಿಪೇರಿ ಮಾಡುವ ಹೆಂಗಸು ಬಾಗಿಲಿಗೆ ಬಂದಳು. ಕೈಯಲ್ಲಿ ಮುರಿದ ಕೊಡೆಕಡ್ಡಿ.

"ಅಣ್ಣಾ, ಇಕ್ಕಳ ಒಂದು ಗಳಿಗೆ ಎರವು ಕೊಡು. ನಂದು ಬಾಯಿ ಬಿಡ್ತಾನೇ ಇಲ್ಲ."

ಅವನು ನೋಡದೆಯೇ ಕೈ ಚಾಚಿ ಇಕ್ಕಳ ಕೊಟ್ಟ.

"ಸಂಜೆಯೊಳಗೆ ತಂದ್ಕೊಡ್ತೀನಿ. ಎರವಿನ ಸಾಮಾನು ಮಡಿಲಲ್ಲಿ ಕೆಂಡ ಕಟ್ಕೊಂಡ ಹಾಗೆ ನಂಗೆ," ಎನ್ನುತ್ತಾ ಅವಳು ಹೋದಳು.

ಇನ್‌ಸ್ಪೆಕ್ಟರಮ್ಮ ಅವಳು ಹೋದ ಬಾಗಿಲನ್ನೇ ನೋಡುತ್ತಾ ಕೂತರು. ಎರವು. ಎರವಿನ ಸಾಮಾನು. ಬಳಸಿ, ಜೋಪಾನ ಮಾಡಿ, ಕೇಳಿದ ದಿನ ವಾಪಸು ಕೊಡಬೇಕಾದದ್ದು.

ಎರವಿ.

ಕೋಟನ್ನು ಮಡಚಿ ಚೀಲಕ್ಕೆ ಹಾಕಿ ಎದ್ದು ನಿಂತರು. "ನಿಮ್ಮತ್ತೆ ಈಗ ಏನು ಹೊಲೀತಿದಾರೆ?"

"ಪರದೆ. ಯಾವುದೋ ಹೋಟೆಲಿನ ಆರ್ಡರಂತೆ, ತಿಂಗಳಿಂದ ಅದೇ. ಹಸಿರು ಬಟ್ಟೆ, ಕಂಬಳಿ ದಪ್ಪ." ಆಗ ಮೊದಲ ಸಲ ಅವನು ತಲೆ ಎತ್ತಿದ. "ಯಾಕೆ ಮೇಡಂ?"

"ಬಂದು ಹೇಳ್ತೀನಿ," ಎಂದರು ಇನ್‌ಸ್ಪೆಕ್ಟರಮ್ಮ.

ಅವನು ಮತ್ತೆ ತಲೆ ತಗ್ಗಿಸಿದ. ಹಿಡಿ ತಿರುಗತೊಡಗಿತು.

*

ಎರವಿಯ ತಾಯಿಯನ್ನು ಆ ಬೀದಿಯವರು ಪರದೆಯಮ್ಮ ಎನ್ನುತ್ತಿದ್ದರು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯನ್ನು ಹೊಲಿಗೆ ಯಂತ್ರ ಮತ್ತು ಹಸಿರು ಬಟ್ಟೆ ಎರಡೇ ತುಂಬಿಬಿಟ್ಟಿದ್ದವು. ಬಟ್ಟೆ ಯಂತ್ರದಿಂದ ಇಳಿದು, ನೆಲದ ಮೇಲೆ ಹರಿದು, ಒಳಕೋಣೆಯ ಹೊಸ್ತಿಲು ದಾಟಿ ಅರೆತೆರೆದ ಬಾಗಿಲೊಳಗೆ ಹೋಗಿತ್ತು.

"ಕೂತ್ಕೊಳ್ಳಿ. ಆ ಬಟ್ಟೆ ಸರಿಸಿ," ಎಂದಳು ಪರದೆಯಮ್ಮ. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಮಾತು ಒಂದು ಪಕ್ಕದಿಂದ ಬಂತು. ಯಂತ್ರ ನಿಲ್ಲಿಸಲಿಲ್ಲ. ಮಗಳ ಅಂತ್ಯಸಂಸ್ಕಾರದಿಂದ ಬಂದ ಸಂಜೆಯೂ ಅವಳು ಹೊಲಿಯುತ್ತಾ ಕೂತಿದ್ದಳೆಂದು ಕೆಳಗಿನ ಮನೆಯವರು ಹೇಳಿದ್ದರು. ಕಲ್ಲೆದೆ ಎಂದು ಒಬ್ಬರು, ಪಾಪ ಎಂದು ಇನ್ನೊಬ್ಬರು.

ಇನ್‌ಸ್ಪೆಕ್ಟರಮ್ಮ ಕೋಟನ್ನು ಯಂತ್ರದ ಹಲಗೆಯ ಮೇಲೆ ಹರಡಿದರು.

"ಈ ಗುಂಡಿ ಹಾಕಿದ್ದು ಯಾರು?"

ಯಂತ್ರ ನಿಂತಿತು. ಪರದೆಯಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಕಟ್ಟಿಕೊಂಡ ಸೂಜಿಮೆತ್ತೆಗೆ ಚುಚ್ಚಿದಳು. ಗುಂಡಿಯನ್ನು ಮುಟ್ಟಿದಳು. ಕೋಟಿನ ಮಗ್ಗುಲು ತಿರುವಿ ಹಿಂಬದಿಯ ಗಂಟು ನೋಡಿದಳು.

"ನಾನೇ."

"ಮಗಳ ಮುಖ ಆ ವಾರ ನೋಡ್ಲೇ ಇಲ್ಲ ಅಂತ ಪೊಲೀಸರಿಗೆ ಹೇಳಿದ್ರಿ."

"ಹೇಳಿದ್ದೆ."

"ಸುಳ್ಳು."

"ಹ್ಞೂಂ."

ಅಲ್ಲಗಳೆಯುವವರನ್ನು ಇನ್‌ಸ್ಪೆಕ್ಟರಮ್ಮ ಬೇಕಾದಷ್ಟು ಕಂಡಿದ್ದರು. ಕೇಳಿದ್ದಕ್ಕೆಲ್ಲ ಹ್ಞೂಂ ಎನ್ನುವವರ ಎದುರು ಮಾತು ಜಾರುತ್ತದೆ. ಅವರು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು.

"ಅವಳ ಹೆಸರಿಗೆ ಏನರ್ಥ?"

"ಗಂಡಾಗಿದ್ರೆ ರವಿ ಅಂತ..."

"ಅದು ಅಳಿಯಂಗೆ ಹೇಳಿದ್ದು. ನಂಗೆ ನಿಜ ಹೇಳಿ."

ಪರದೆಯಮ್ಮ ಕಿಟಕಿಯ ಕಡೆ ನೋಡಿದಳು. ಊರಿಗೆಲ್ಲ ಪರದೆ ಹೊಲಿಯುವವಳ ಮನೆಯ ಕಿಟಕಿಗೆ ಪರದೆ ಇರಲಿಲ್ಲ.

"ನಿಮಗೆ ಗೊತ್ತಾಗಿದೆ. ಮತ್ಯಾಕೆ ನನ್ನ ಬಾಯಲ್ಲಿ ಹೇಳಿಸ್ತೀರಾ?"

"ಎರವು ತಂದ ಮಗು."

"ಹ್ಞೂಂ," ಎಂದಳು ಪರದೆಯಮ್ಮ. ಆಮೇಲೆ, ಇಷ್ಟು ವರ್ಷ ಹೊತ್ತದ್ದನ್ನು ಇಳಿಸಲು ಜಾಗ ಸಿಕ್ಕಿದವಳ ಹಾಗೆ ತಾನಾಗಿಯೇ ಹೇಳತೊಡಗಿದಳು. ದನಿಯಲ್ಲಿ ಏರಿಳಿತವಿರಲಿಲ್ಲ.

ಆಗ ಅವಳು ಕಾಲುಚೀಲದ ಕಾರ್ಖಾನೆಯಲ್ಲಿದ್ದಳು. ಮದುವೆಯಾಗಿ ಬಹಳ ಕಾಲವಾಗಿದ್ದರೂ ಮಕ್ಕಳಿರಲಿಲ್ಲ. ಕಾರ್ಖಾನೆಯ ವಸತಿಯಲ್ಲಿ ಎದುರು ಕೋಣೆಯ ಹುಡುಗಿಗೆ ಗಂಡನಿಲ್ಲದೆ ಒಂದು ಹೆಣ್ಣು ಮಗು ಹುಟ್ಟಿತು. ಕಾರ್ಖಾನೆಯವರು ಆ ಹುಡುಗಿಯನ್ನು ಕೆಲಸದಿಂದ ತೆಗೆದರು. ದೂರದ ದೇಶದಲ್ಲಿ ಮನೆಗೆಲಸ ಸಿಕ್ಕಿತು, ಆದರೆ ಮಗುವನ್ನು ಕರೆತರುವಂತಿಲ್ಲ ಎಂದಿದ್ದರು.

"ಅಕ್ಕಾ, ಕಾಲೂರೋ ತನಕ ಇಟ್ಕೊಂಡಿರು ಅಂದ್ಲು. ಇಟ್ಕೋತೀನಿ ಅಂದೆ. ಹೆಸರು ಇಟ್ಟಿರ್ಲಿಲ್ಲ. ಹೊರಡೋ ದಿನ ಬಾಗಿಲಲ್ಲಿ ನಿಂತ್ಕೊಂಡು ಇಟ್ಲು. 'ಎರವಿ ಅಂತ ಕರಿ ಅಕ್ಕಾ. ಎರವು ಕೊಟ್ಟು ಹೋಗ್ತಿದೀನಿ. ಕರೆದಾಗಲೆಲ್ಲ ನಿಂಗೆ ನೆನಪಿರ್ಲಿ' ಅಂತ."

"ನೀವೇನಂದ್ರಿ?"

"ಅಂಥ ಹೆಸರು ಯಾರಾದ್ರೂ ಇಡ್ತಾರಾ ಅಂದೆ. ಯಾರೂ ಇಡಲ್ಲ, ಅದಕ್ಕೇ ಇಟ್ಟೆ, ನಾಳೆ ಹುಡುಕೋಕೆ ಸುಲಭ, ಅಂದ್ಲು."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲು ಬೀಳಿಸಿದ ಸದ್ದಾಯಿತು. ಪರದೆಯಮ್ಮ ಆ ಸದ್ದು ಅಡಗುವ ತನಕ ಕಾದಳು.

"ಮೊದಲೆಲ್ಲ ಅವಳ ಸುದ್ದಿ ಬರ್ತಿತ್ತು. ಆಮೇಲೆ ನಾವು ಮನೆ ಬದಲಾಯಿಸಿದ್ವಿ. ಎಲ್ಲಿಗೆ ಅಂತ ಯಾರಿಗೂ ಹೇಳ್ಲಿಲ್ಲ. ಮತ್ತೆ ಬದಲಾಯಿಸಿದ್ವಿ. ಊರೇ ಬಿಟ್ವಿ."

"ಹೆಸರು ಯಾಕೆ ಬದಲಾಯಿಸ್ಲಿಲ್ಲ?"

"ಹೆಸರು ಬದಲಾಯಿಸಿದ್ರೆ ಕದ್ದ ಹಾಗಾಗುತ್ತಲ್ಲ." ಅವಳು ಕೋಟಿನ ತೋಳನ್ನು ನೀವಿ ಸುಕ್ಕು ಬಿಡಿಸಿದಳು. "ಹೆಸರು ಉಳಿಸ್ಕೊಂಡಿದೀನಿ, ನಾನು ಕಳ್ಳಿ ಅಲ್ಲ ಅಂತ ಅಂದ್ಕೋತಿದ್ದೆ. ಹೆಸರು ಇಟ್ಕೊಂಡೆ, ವಿಳಾಸ ಬದಲಾಯಿಸಿದೆ. ಎಂಥ ಲೆಕ್ಕ ನೋಡಿ."

ಹುಡುಕಲು ಸುಲಭವಾಗಲೆಂದು ಇಟ್ಟ ಹೆಸರು ಕೊನೆಗೆ ತನ್ನ ಕೆಲಸ ಮಾಡಿತು. ಹೆತ್ತವಳು ಅರ್ಧ ಆಯುಷ್ಯ ಪರರ ಮನೆಯ ಪಾತ್ರೆ ಬೆಳಗಿ ಈ ಊರಿಗೆ ಬಂದು ಲಾಡ್ಜೊಂದರಲ್ಲಿ ಇಳಿದುಕೊಂಡಿದ್ದಳು. ಕಣ್ಣು ಮಂಜಾಗಿದೆಯೆಂದು ಕನ್ನಡಕದ ಅಂಗಡಿಗೆ ಹೋದಳು. ಗೋಡೆಯ ಮೇಲಿನ ಅಕ್ಷರ ಓದಿ ಎಂದು ಎದುರಿಗಿದ್ದವಳು ಕಣ್ಣಿಗೆ ಗಾಜು ಏರಿಸಿದಳು. ಗೋಡೆಗಿಂತ ಮೊದಲು ಸ್ಪಷ್ಟವಾಗಿ ಕಂಡದ್ದು ಆ ಕೆಲಸದವಳ ಎದೆಯ ಮೇಲಿನ ಹೆಸರಿನ ಬಿಲ್ಲೆ. ಓದಿದಳು. ಮುಖ ನೋಡಿದಳು. ಗಾಜು ಕಳಚಿಟ್ಟು, ಏನೂ ಹೇಳದೆ, ಅಂಗಡಿಯಿಂದ ಹೊರಗೆ ನಡೆದುಬಿಟ್ಟಳು. ಆಮೇಲೊಂದು ಭಾನುವಾರ ಎರವಿ ಪರದೆಯಮ್ಮನನ್ನು ನೋಡಲು ಬಂದಾಗ ದೂರದಿಂದ ಹಿಂಬಾಲಿಸಿ ಈ ಮನೆ ಕಂಡುಕೊಂಡಳು.

"ಜಗಳ ಮಾಡಿದ್ಲಾ?"

"ಮಾಡಿದ್ರೆ ಚೆನ್ನಾಗಿತ್ತು. ಈಗ ನೀವು ಕೂತಿದ್ದೀರಲ್ಲ, ಅಲ್ಲೇ ಕೂತು ನೀರು ಕೇಳಿದ್ಲು. ಕುಡಿದು ಲೋಟ ಕೆಳಗಿಟ್ಟು, 'ಅಕ್ಕಾ, ಇನ್ನು ಕೊಡು' ಅಂದ್ಲು. ಅಷ್ಟೇ. ಪಾತ್ರೆ ಕೇಳಿದ ಹಾಗೆ."

"ಅಂಗಡಿಗೆ ಫೋನ್ ಮಾಡಿದ್ದು ನೀವು."

"ನಾನೇ. ನಿನ್ನ ಹೆಸರಿನ ಅರ್ಥ ಹೇಳ್ಬೇಕು, ಕೆಲಸ ಮುಗಿಸಿ ಬಾ ಅಂದೆ. ಬಂದ್ಲು. ಎಲ್ಲಾ ಹೇಳಿದೆ."

"ಅತ್ಲಾ?"

"ಇಲ್ಲ. ಒಂದೇ ಒಂದು ಕೇಳಿದ್ಲು. 'ಅಮ್ಮಾ, ನನ್ನನ್ನ ಕರೆದಾಗಲೆಲ್ಲ ನಿಂಗೆ ಅದು ನೆನಪಾಗ್ತಿತ್ತಾ?' ಅಂತ. ಆಗ್ತಿತ್ತು ಅಂದೆ. 'ಅದಕ್ಕೇ ನೀನು ನನ್ನ ಹೆಸರು ಹಿಡಿದು ಕರೀತಾನೇ ಇರ್ಲಿಲ್ಲ. ಏಯ್, ಬಾರೇ, ಇಲ್ನೋಡೇ ಅಂತಿದ್ದೆ' ಅಂದ್ಲು. ನಂಗೇ ಗೊತ್ತಿರ್ಲಿಲ್ಲ ಅದು."

ಪರದೆಯಮ್ಮನ ಕಣ್ಣು ಒಣಗಿತ್ತು. ಬೆರಳು ಮಾತ್ರ ಗುಂಡಿಯ ಸುತ್ತ ತಿರುಗುತ್ತಲೇ ಇತ್ತು.

"ಗುಂಡಿ?"

"ಹೊರಡೋಣ ಅಂತ ಎದ್ಲು. ನೋಡ್ತೀನಿ, ಗುಂಡಿ ಇಲ್ಲ. ಯಂತ್ರದಲ್ಲಿ ಇದ್ದ ದಾರದಲ್ಲೇ ಹಾಕಿದೆ. ಬಣ್ಣ ಬೇರೆಯಾಗುತ್ತೆ ಅಂದ್ಲು. ಆಗ್ಲಿ ಅಂದೆ. ಇಸ್ಕೊಂಡಿದ್ದನ್ನ ಹರಿದ ಹಾಗೇ ವಾಪಸ್ ಕೊಡೋಕಾಗುತ್ತಾ?"

ಹೆತ್ತವಳಿಗೆ ಸಂಜೆ ಕಾಲುವೆ ಸೇತುವೆಯ ಹತ್ತಿರ ಬರಲು ಹೇಳಿಯಾಗಿತ್ತು. ಇಬ್ಬರೂ ನಡೆದೇ ಹೋದರು. ಬೀದಿದೀಪಗಳು ಆಗಷ್ಟೇ ಹತ್ತಿಕೊಂಡಿದ್ದವು. ಸೇತುವೆಯ ಆ ಕೊನೆಯಲ್ಲಿ, ದೀಪದ ಕೆಳಗೆ, ಬೂದು ಶಾಲು ಹೊದ್ದ ಹೆಂಗಸು ನಿಂತಿದ್ದಳು.

"ನನ್ನ ಕಣ್ಣಿಗೆ ಅಷ್ಟು ದೂರ ಮುಖ ಕಾಣಲ್ಲ. ಶಾಲು ಕಾಣ್ತು. ಕೈ ಎತ್ತಿದ್ಲು. 'ಎರವಿ' ಅಂತ ಕರೆದ್ಲು. ಹೋಗು ಅಂದೆ. ಇವಳು ಹೋದ್ಲು. ನಾನು ತಿರುಗಿ ಮನೆಗೆ ಬಂದೆ. ಹಿಂದೆ ನೋಡ್ಲಿಲ್ಲ. ನೋಡಿದ್ರೆ ಬಾ ಅಂದುಬಿಡ್ತಿದ್ದೆ."

ಪರದೆಯಮ್ಮ ಕೋಟನ್ನು ಮಡಚಿದಳು. ತೋಳುಗಳನ್ನು ಒಳಗೆ ಸೇರಿಸಿ, ಮಕ್ಕಳ ಬಟ್ಟೆ ಮಡಚುವ ಹಾಗೆ ಸಣ್ಣದಾಗಿ ಮಡಚಿದಳು.

"ನಾನು ಜೀವಂತ ಮಗಳನ್ನ ವಾಪಸ್ ಕೊಟ್ಟೆ ಅಮ್ಮಾ. ಅಷ್ಟು ಬರ್ಕೊಳ್ಳಿ."

"ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳನ್ನ ಹಿಡ್ಕೊಂಡು ಹೋಗೋರು. ಮಗಳನ್ನ ಒಂದ್ಸಲ ಅವಳಿಂದ ಕಿತ್ಕೊಂಡಿದ್ದು ಸಾಲದಾ?"

"ಆ ಹೆಂಗಸು ಈಗ ಎಲ್ಲಿದ್ದಾಳೆ?"

ಪರದೆಯಮ್ಮ ತಲೆ ತಗ್ಗಿಸಿ ಹಲ್ಲಲ್ಲಿ ದಾರ ಕಡಿದಳು.

"ಒಳಗೆ."

ಇನ್‌ಸ್ಪೆಕ್ಟರಮ್ಮನ ದೃಷ್ಟಿ ನೆಲದ ಮೇಲಿನ ಹಸಿರು ಬಟ್ಟೆಯ ಗುಂಟ ಹರಿದು ಒಳಬಾಗಿಲಿಗೆ ಹೋಯಿತು. ಬಟ್ಟೆ ಒಂದು ಚೂರು ಅಲುಗಿತು. ಮತ್ತೆ ಅಲುಗಿತು. ಅದರ ಇನ್ನೊಂದು ತುದಿಯನ್ನು ಯಾರೋ ಕೈಯಲ್ಲಿ ಹೊಲಿಯುತ್ತಿದ್ದರು.

"ಸುದ್ದಿ ಕೇಳಿ ಬಂದ್ಲು," ಎಂದಳು ಪರದೆಯಮ್ಮ. "ಹೋಗು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಹೋಗ್ತೀನಿ ಅಂತ ಅವಳೂ ಅನ್ಲಿಲ್ಲ. ಅಂಚು ಹೊಲೀತಾ ಕೂತಿರ್ತಾಳೆ. ಬೇಯಿಸಿದ್ದು ತಿಂತೀವಿ. ಮಲಗ್ತೀವಿ."

"ಸೇತುವೆ ಮೇಲೆ ಏನಾಯ್ತು ಅಂತ ಕೇಳಿದ್ರಾ?"

"ಇಲ್ಲ."

"ಒಂದೇ ಮನೇಲಿದ್ದೂ?"

"ಕೇಳಿದ್ರೆ ಹೇಳಿಬಿಡ್ತಾಳಲ್ಲ."

ಇನ್‌ಸ್ಪೆಕ್ಟರಮ್ಮ ಎದ್ದು, ಬಟ್ಟೆ ತುಳಿಯದಂತೆ ದಾಟಿ, ಒಳಬಾಗಿಲು ತಳ್ಳಿದರು. ಮಂಚದ ಅಂಚಿನಲ್ಲಿ ನೆರೆಗೂದಲಿನ ಸಣಕಲು ಹೆಂಗಸು ಕೂತಿದ್ದಳು. ಪಾತ್ರೆ ಬೆಳಗಿ ಬೆಳಗಿ ಬೆರಳ ತುದಿಗಳು ನುಣ್ಣಗಾಗಿದ್ದವು. ಕನ್ನಡಕವಿಲ್ಲದ ಕಣ್ಣಿಗೆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಹೊಲಿಯುತ್ತಿದ್ದಳು. ಮಂಚದ ತಲೆಯ ಕಡೆ ಬೂದು ಶಾಲು ನೇತಾಡುತ್ತಿತ್ತು.

"ಎಲ್ಲಾ ಕೇಳಿಸ್ಕೊಂಡೆ," ಎಂದಳು ಅವಳು. "ಅಕ್ಕ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದ್ರೆ ಒಂದು ಮಾತು ನಂಗೆ ಅರ್ಥ ಆಗ್ಲಿಲ್ಲ."

"ಯಾವುದು?"

"ಅವತ್ತು ಸಂಜೆ ನಾನು ಸೇತುವೆಗೆ ಹೋಗ್ಲೇ ಇಲ್ಲ."

ಮುಂದಿನ ಕೋಣೆಯಲ್ಲಿ ಕತ್ತರಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. "ಹೊರಟಿದ್ದೆ. ಚಪ್ಪಲಿ ಹಾಕ್ಕೊಂಡು ಲಾಡ್ಜಿನ ಮಂಚದ ಮೇಲೆ ಕೂತಿದ್ದೆ. ಎದ್ದೇಳೋಕೇ ಆಗ್ಲಿಲ್ಲ. ಬೆಳೆದು ನಿಂತ ಮಗಳ ಎದುರು ಯಾವ ಮುಖ ಹೊತ್ಕೊಂಡು ನಿಲ್ಲಲಿ? ಕತ್ತಲಾಯ್ತು. ಹಾಗೇ ಕೂತಿದ್ದೆ. ಲಾಡ್ಜಿನವನು ಕಾಫಿ ಬೇಕಾ ಅಂತ ಬಂದು ಕೇಳಿ ಹೋದ. ನಾನು ಬರದೆ ಹೋದದ್ದಕ್ಕೇ ಮಗು ಒಬ್ಬಳೇ ಕಾದು ಕಾದು, ಆ ಕತ್ತಲಲ್ಲಿ ಜಾರಿದ್ಲು ಅಂತ... ಇಷ್ಟು ದಿನ ಅದನ್ನೇ ಅಂದ್ಕೊಂಡಿದ್ದೆ. ಅಕ್ಕ ಬೈಲಿ ಅಂತ ಕಾದೆ. ಬೈಲಿಲ್ಲ."

ಪರದೆಯಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಒಂದು ಕೈ ಚೌಕಟ್ಟಿನ ಮೇಲಿತ್ತು.

"ದೀಪದ ಕೆಳಗೆ ನಿಂತಿದ್ಯಲ್ಲ."

"ನಾನಲ್ಲ ಅಕ್ಕಾ."

"ಕೈ ಎತ್ತಿದ್ಯಲ್ಲ. ಹೆಸರು ಹಿಡಿದು ಕರೆದ್ಯಲ್ಲ."

"ಆ ಹೆಸರು ಇಟ್ಟೋಳು ನಾನು. ಎದುರುಬದುರು ನಿಂತು ಒಂದ್ಸಲಾನೂ ಕರೆಯೋಕೆ ಆಗ್ಲಿಲ್ಲ ನಂಗೆ."

ಇನ್‌ಸ್ಪೆಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. ಸುಳ್ಳು ಹೇಳುವವರ ಮುಖದಲ್ಲಿ ಇರಬೇಕಾದ ಎಚ್ಚರ ಎರಡರಲ್ಲೂ ಇರಲಿಲ್ಲ. ಎರಡು ವಾರದಿಂದ ಅಲ್ಲಿದ್ದ ಮರಗಟ್ಟಿದ ಸುಮ್ಮನಿರುವಿಕೆ ಮಾತ್ರ ಪರದೆಯಮ್ಮನ ಮುಖದಲ್ಲಿ ನಿಧಾನವಾಗಿ ಬಿರುಕು ಬಿಡುತ್ತಿತ್ತು. ಚೌಕಟ್ಟಿನ ಮೇಲಿದ್ದ ಕೈ ಕೆಳಗಿಳಿಯಿತು.

"ಹಾಗಾದ್ರೆ ಮಗೂನ ನಾನು ಯಾರ ಕೈಗೆ ಕೊಟ್ಟು ಬಂದೆ?" ಎಂದಳು ಅವಳು.